ದಾರಿಯಲ್ಲಿ ಬಂದೋರಿಗೆ ಮಾತ್ರ ನೀರು

ಹೂಂಗುಟ್ಟೋಕೆ ಯಾರಿದೀರಿ? ಒಬ್ಬರಾದರೂ ಹೂಂ ಅನ್ನಬೇಕು, ಇಲ್ಲಾಂದ್ರೆ ನಾನು ಬಾಯಿ ತೆಗೆಯೋನಲ್ಲ. ಹಾಂ, ಸರಿ.

ಒಬ್ಬ ಪೆದ್ದ ಇದ್ದ, ಆ ಪೆದ್ದನಿಗೊಬ್ಬಳು ಅವ್ವ ಇದ್ಲು. ಪೆದ್ದನ ಹೆಸರು ತಿಪ್ಪೇಶಿ, ಅವ್ವನ ಹೆಸರು ಹಾಲವ್ವ. ಪೆದ್ದ ಅಂದ್ರೆ ಸಣ್ಣ ಹುಡುಗ ಅಂದ್ಕೋಬೇಡಿ. ಮೀಸೆ ಬಂದಿತ್ತು, ಅಕ್ಕಿ ಮೂಟೆ ಒಬ್ಬನೇ ಎತ್ತೋ ರಟ್ಟೆ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ.

ಒಂದಿನ ಹಾಲವ್ವ, "ಎಮ್ಮೆ ಹೊಡ್ಕೊಂಡು ಹೋಗು, ಅದರ ಹಿಂದೇನೇ ಇರು" ಅಂದ್ಲು. ಎಮ್ಮೆ ಕೆರೆಗೆ ಇಳೀತು, ಇವನೂ ಇಳಿದ. ಎಮ್ಮೆ ಕುತ್ತಿಗೆಮಟ ನೀರಲ್ಲಿ ಕೂತ್ಕೊಂತು, ಇವನೂ ಕೂತ. ಸಂಜೆ ಇಬ್ಬರೂ ಕೆಸರು ಮೆತ್ಕೊಂಡು ಮನೆಗೆ ಬಂದ್ರು. ಹಾಲವ್ವ ಹಣೆ ಹಣೆ ಬಡ್ಕೊಂಡ್ಲು.

"ಅಯ್ಯೋ ನನ್ನ ಕರ್ಮವೇ! ನೀನು ಮನುಷ್ಯ ಆಗೋದು ಯಾವಾಗಲೋ?"

"ಯಾವಾಗ ಆಗ್ಲಿ ಹೇಳವ್ವ. ಆಗ್ತೀನಿ."

ಹಾಲವ್ವ ಕೆಲಸ ಮಾಡ್ತಿದ್ದದ್ದು ಸಾವ್ಕಾರ್ ರೇವಣಪ್ಪನೋರ ಮಂಡಕ್ಕಿ ಭಟ್ಟಿಯಲ್ಲಿ. ಖಾರ ಮಂಡಕ್ಕಿ ತಿನ್ನೋವಾಗ ಚೆನ್ನಾಗಿರ್ತದೆ ನಮಗೆ, ಅದು ಹುಟ್ಟೋ ಜಾಗ ನೋಡಬೇಕು ನೀವು. ಕೆಳಗೆ ಭತ್ತದ ಹೊಟ್ಟಿನ ಬೆಂಕಿ, ಮೇಲೆ ತಗಡಿನ ಸೂರು, ನಡುವೆ ಬಾಣಲೆ ತುಂಬ ಕಾದ ಉಸುಕು. ಆ ಉಸುಕಿಗೆ ಅಕ್ಕಿ ಬಿದ್ರೆ ಚಟಪಟ ಅರಳ್ತದೆ, ಪಕ್ಕದಲ್ಲಿ ಕೂತೋರು ಬಾಡ್ತಾರೆ. ಒಳಗೆ ನೀರು ಅಂತ ಇದ್ದದ್ದು ಅಕ್ಕಿಗೆ ಹಾಕೋ ಉಪ್ಪುನೀರು ಒಂದೇ. ಮನೆಯಿಂದ ತಂದ ಬಾಟ್ಲಿ ಬಿಸಿಲೇರೋದರೊಳಗೆ ಖಾಲಿ. ಆಮೇಲೆ ಸಂಜೆವರೆಗೂ ಎಂಜಲು ನುಂಗ್ಕೊಂಡು ಕೂರಬೇಕು. ನೀರು ಕೇಳಿದ್ರೆ ಸಾವ್ಕಾರ್ರು, "ನೀರು ಕುಡೀತೀರಿ, ಕುಡಿದು ಎದ್ದು ಎದ್ದು ಹೋಗ್ತೀರಿ, ನನ್ನ ಉಸುಕು ಆರಿಹೋಗ್ತದೆ" ಅನ್ನೋರು. ಹಾಲವ್ವನಿಗೆ ಉರಿಮೂತ್ರ ಶುರುವಾಗಿತ್ತು. ಆಗಾಗ ಕಣ್ಣಿಗೆ ಕತ್ತಲೆ ಬರೋದು. ಯಾರ ಮುಂದೆ ಹೇಳ್ತಾಳೆ? ಕೆಲಸ ಹೋದ್ರೆ ಮನೇಲಿ ಒಲೆ ಹತ್ತಲ್ಲ.

ಅದೇ ಬೇಸಿಗೆಯಲ್ಲಿ ಸಾವ್ಕಾರ್ರು ಭಟ್ಟಿ ಗೇಟಿನ ಹೊರಗೆ, ರಸ್ತೆ ಪಕ್ಕ, ಒಂದು ಅರವಟ್ಟಿಗೆ ಇಟ್ರು. ತೆಂಗಿನ ಗರಿ ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಹೊಸ ಗಡಿಗೆಗಳು, ಮೇಲೆ ತೀರಿಹೋದ ಅಪ್ಪನ ಫೋಟೋ ಹಾಕಿದ ಬೋರ್ಡು. ದಾರಿಹೋಕರು ನೀರು ಕುಡಿದ್ರೆ ಅಪ್ಪನಿಗೆ ಪುಣ್ಯ, ಮಗನಿಗೆ ಹೆಸರು. ನೀರು ಕೊಡೋಕೆ ಒಬ್ಬ ಆಳು ಬೇಕಿತ್ತು. ಹಾಲವ್ವ ಸಾವ್ಕಾರ್ರ ಕಾಲು ಹಿಡಿದು ಮಗನ್ನ ಅಲ್ಲಿಗೆ ಸೇರಿಸಿದ್ಲು.

"ಕುಂತಲ್ಲೇ ಕುಂತು ನೀರು ಕೊಡೋ ಕೆಲಸ ಕಣೋ! ಇದನ್ನೂ ಕೆಡಿಸ್ಕೊಂಡ್ರೆ ನಾನಂತೂ ಇರಲ್ಲ, ನೋಡು!"

"ಎಲ್ಲಿಗೆ ಹೋಗ್ತೀಯವ್ವ?"

ಹಾಲವ್ವ ಮತ್ತೆ ಹಣೆ ಬಡ್ಕೊಂಡು ಭಟ್ಟಿ ಒಳಗೆ ಹೋದ್ಲು.

ಸಾವ್ಕಾರ್ರು ತಿಪ್ಪೇಶಿನ ಕೂರಿಸಿ ಹೇಳಿದ್ರು. "ನೋಡಪ್ಪ, ದಾರಿಯಲ್ಲಿ ಹೋಗೋರನ್ನ ಕರೆದು ಕರೆದು ನೀರು ಕೊಡು. ಜನ ಸಂಕೋಚ ಮಾಡ್ಕೋತಾರೆ, ಬ್ಯಾಡ ಅಂತಾರೆ. ಬ್ಯಾಡ ಅಂದ್ರೂ ಬಲವಂತ ಮಾಡಿ ಕುಡಿಸು!"

"ಹೂಂ ಸಾವ್ಕಾರ್ರೆ!"

ಮೊದಲು ಸಿಕ್ಕಿದೋನು ಹರಿಹರದ ಬಸ್ಸಿಗೆ ಓಡ್ತಿದ್ದ ಒಬ್ಬ ಮನುಷ್ಯ. "ನೀರು ಕುಡೀರಿ!" "ಬ್ಯಾಡಪ್ಪ, ಬಸ್ಸು ಹೋಗ್ತದೆ!" ಬ್ಯಾಡ ಅಂದ್ನಲ್ಲ! ತಿಪ್ಪೇಶಿ ಅವನ ರಟ್ಟೆ ಹಿಡಿದು ಕೂರಿಸಿ ಕುಡಿಸಿದ. ಬಸ್ಸು ಹೋಯ್ತು. ಆಮೇಲೆ ಬಂದೋನು ಆಗ ತಾನೇ ಹಲ್ಲು ಕೀಳಿಸ್ಕೊಂಡು, ಬಾಯಿ ತುಂಬ ಹತ್ತಿ ಇಟ್ಕೊಂಡು ಬರ್ತಿದ್ದ. "ಊಂ ಊಂ" ಅಂತ ತಲೆ ಅಲ್ಲಾಡಿಸಿದ. "ಸಂಕೋಚ ಬ್ಯಾಡ!" ಅಂತ ತಿಪ್ಪೇಶಿ ಹತ್ತಿ ಕಿತ್ತು ನೀರು ಹೊಯ್ದ. ಅವನು ಕೂಗಿದ ಕೂಗಿಗೆ ರಸ್ತೆ ಜನ ಎಲ್ಲ ಸೇರಿದ್ರು.

ಸಾವ್ಕಾರ್ರು ಓಡಿ ಬಂದು ಬೈದ್ರು. ಸಂಜೆ ಮನೇಲಿ ಅವ್ವನೂ ಬೈದ್ಲು.

"ಹೆಡ್ಡ! ಬಾಯಾರಿದೋರಿಗೆ ಕೊಡೋದು ಕಣೋ ನೀರು! ಮೊದಲು 'ಬಾಯಾರಿದೆಯಾ' ಅಂತ ಕೇಳು. ಹೂಂ ಅಂದ್ರೆ ಕೊಡು, ಇಲ್ಲಾಂದ್ರೆ ಬ್ಯಾಡ. ತಿಳೀತಾ?"

"ತಿಳೀತವ್ವ. ಹೂಂ ಅಂದ್ರೆ ಕೊಡು."

ಮಾರನೇ ದಿನ ನಡುಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಕೇಳು ಅಂದಾಳಲ್ಲ ಅವ್ವ, ತಿಪ್ಪೇಶಿ ಎದ್ದು ನಿಂತು ಗಟ್ಟಿಯಾಗಿ ಕೇಳಿದ.

"ಬಾಯಾರಿದೆಯಾ?"

ರಸ್ತೆ ಸುಮ್ಮನಿತ್ತು. ಹಿಂದಿದ್ದ ಭಟ್ಟಿಯ ತಗಡಿನ ಗೋಡೆ ಒಳಗಿಂದ ಸದ್ದು ಬಂತು.

"ಹೂಂ!"

"ಯಾರಿಗೆ?"

"ನಮಗೆ! ಎಲ್ಲರಿಗೂ!"

ಹೂಂ ಅಂದ್ರೆ ಕೊಡು. ತಿಪ್ಪೇಶಿ ಒಂದಾದ ಮೇಲೊಂದು ಗಡಿಗೆ ಎತ್ತಿ ಹೆಗಲ ಮೇಲಿಟ್ಕೊಂಡು ಒಳಗೆ ಹೋಗಿ ಬಂದ. ಆಹಾ, ಆ ಜನ ಕುಡಿದದ್ದು ನೋಡಬೇಕಿತ್ತು! ಲೋಟ ಎತ್ತಿ ಗಟಗಟ ಹೊಯ್ಕೊಂಡ್ರು. ಉಸುಕು ಜರಡಿ ಹಿಡಿಯೋ ಚಮನ್‌ಬಿ ಅನ್ನೋ ಮುದುಕಿ ಕುಡಿದು, ಉಳಿದದ್ದನ್ನ ಕಣ್ಣಿಗೆ ಒತ್ಕೊಂಡ್ಲು. "ನೂರು ಕಾಲ ಬಾಳು ಬೇಟಾ" ಅಂದ್ಲು. ಹಾಲವ್ವನೂ ಕುಡಿದ್ಲು. ಮಗ ಒಂದು ಕೆಲಸ ಸರಿಯಾಗಿ ಮಾಡಿದ ಅಂತ ಅವಳಿಗೆ ಅನ್ನಿಸ್ತು. ಆದರೆ ಸರಿಯೋ ತಪ್ಪೋ ಅಂತ ಭಯವೂ ಆಯ್ತು.

ಭಯ ಸುಳ್ಳಾಗಲಿಲ್ಲ. ಅವತ್ತೇ ಸಾವ್ಕಾರ್ರು ತಮ್ಮ ಬೀಗರನ್ನ ಕರ್ಕೊಂಡು ಅರವಟ್ಟಿಗೆ ತೋರಿಸೋಕೆ ಬಂದ್ರು. ಗಡಿಗೆಗಳು ಖಾಲಿ. ಬೀಗರು ಗಡಿಗೆ ಒಳಗೆ ಇಣುಕಿ ನೋಡಿ ನಕ್ರು.

"ಲೇ ತಿಪ್ಪೇಶಿ! ನೀರೆಲ್ಲೋ?"

"ಒಳಗಿದ್ದೋರು ಕುಡಿದ್ರು ಸಾವ್ಕಾರ್ರೆ. ಹೂಂ ಅಂದ್ರು."

"ಅಯ್ಯೋ ಮಂಕೇ! ಇದು ದಾರಿಯಲ್ಲಿ ಬಂದೋರ ನೀರು! ದಾರಿಯಲ್ಲಿ ಬಂದೋರಿಗೆ ಮಾತ್ರ ಕೊಡು! ಒಳಗೆ ಒಂದು ಹನಿ ಹೋಗಬಾರದು. ನಾನೇ ಒಳಗೆ ಕುಂತು ಕೇಳಿದ್ರೂ ಕೊಡಬ್ಯಾಡ!"

ಸಂಜೆ ರೊಟ್ಟಿ ಮುರಿಯೋವಾಗ ತಿಪ್ಪೇಶಿ ಕೇಳಿದ.

"ಅವ್ವಾ, ಬಾಯಾರಿದೋರು ಒಳಗದಾರೆ. ನೀರು ಹೊರಗೈತೆ. ಯಾಕೆ?"

"ದೊಡ್ಡೋರು ಇಟ್ಟಾರೆ, ಹಂಗೈತೆ."

"ದಾರಿಯಲ್ಲಿ ಹೋಗೋರು ಸಾವ್ಕಾರ್ರಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ತೆ ನೀನು?"

ಹಾಲವ್ವ ರೊಟ್ಟಿ ತಟ್ಟೆಯಲ್ಲೇ ಬಿಟ್ಲು. ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಿಟ್ಟು ಬಂತು. "ಬಾಯಿ ಮುಚ್ಕೊಂಡು ಸಾವ್ಕಾರ್ರು ಹೇಳಿದಂಗೆ ಮಾಡು. ನಾನು ಕೇಳಿದ್ರೂ ಕೊಡಬ್ಯಾಡ!" ಅಂದ್ಲು. ಕೇಳಿದ್ರಾ, ಪಾಪ, ತನ್ನ ಬಾಯಿಂದಲೇ ಅಂದ್ಲು.

ಆಮೇಲಿನ ದಿನ ಬಿಸಿಲು ಅಂದ್ರೆ ಬಿಸಿಲು. ಹಾಲವ್ವನಿಗೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂತು. ತಡೆಯೋಕಾಗದೆ ಎದ್ದು, ಗೋಡೆ ಹಿಡ್ಕೊಂಡು, ಗೇಟಿನ ಹತ್ರ ಬಂದ್ಲು.

"ತಿಪ್ಪೇಶಿ, ಒಂದು ಲೋಟ ನೀರು ಕೊಡಪ್ಪ."

"ಕೊಡಲ್ಲವ್ವ. ನೀನು ಒಳಗಿನೋಳು. ನೀನು ಕೇಳಿದ್ರೂ ಕೊಡಬ್ಯಾಡ ಅಂತ ನೀನೇ ಅಂದಿದ್ದಿ."

ಹಾಲವ್ವ ಅಲ್ಲೇ ಕುಸಿದು ಕೂತ್ಲು. ತಿಪ್ಪೇಶಿ ಗಡಿಗೆ ನೋಡಿದ, ಅವ್ವನ್ನ ನೋಡಿದ, ರಸ್ತೆ ನೋಡಿದ. ಅವನ ತಲೆ ಗಿರ್ರಂತು. ಕೊಟ್ರೆ ಮಾತು ಮೀರಿದಂಗೆ, ಕೊಡದಿದ್ರೆ ಅವ್ವನ ಮುಖ ಹಿಂಗೈತೆ. ಆಮೇಲೆ ಏನು ಹೊಳೀತೋ, ಅವ್ವನ್ನ ಎತ್ತಿ ನಿಲ್ಲಿಸಿ, ತೋಳು ಹಿಡಿದು, ರಸ್ತೆಯಲ್ಲಿ ಬೇವಿನ ಮರದವರೆಗೂ ನಡೆಸ್ಕೊಂಡು ಹೋದ. ಅಲ್ಲಿ ಅವಳನ್ನ ಹಿಂದಕ್ಕೆ ತಿರುಗಿಸಿದ. ತಾನು ಓಡಿ ಬಂದು ಚಪ್ಪರದ ಕೆಳಗೆ ಕೂತ. ಹಾಲವ್ವ ಕಾಲೆಳೆದುಕೊಂಡು ಬಂದ್ಲು.

"ಬರ್ರಿ ತಾಯಿ, ಬರ್ರಿ! ಯಾವೂರಿಂದ ಬಂದ್ರಿ? ಬಾಯಾರಿದೆಯಾ?"

"ಹೂಂ... ಹೂಂ ಕಣಪ್ಪ."

"ದಾರಿಯಲ್ಲಿ ಬಂದೀರಿ, ಕುಡೀರಿ!"

ಹಾಲವ್ವ ಕುಡಿದ್ಲು. ಅಳಬೇಕೋ ನಗಬೇಕೋ ಅವಳಿಗೆ ತಿಳೀಲಿಲ್ಲ. ಒಳಗಿಂದ ಇಣುಕಿ ನೋಡ್ತಿದ್ದ ಚಮನ್‌ಬಿಗೆ ಮಾತ್ರ ಎಲ್ಲ ತಿಳೀತು. ಸೆರಗು ಸಿಕ್ಕಿಸ್ಕೊಂಡು ಬೇವಿನ ಮರಕ್ಕೆ ಹೊರಟೇಬಿಟ್ಲು. ಅವಳ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಭಟ್ಟಿ ಖಾಲಿ! ರಸ್ತೆ ತುಂಬ ಜನ! ಎಲ್ಲರೂ ಮರದವರೆಗೆ ಹೋಗೋರು, ತಿರುಗಿ ಬರೋರು. ತಿಪ್ಪೇಶಿ ಎಲ್ಲರಿಗೂ, "ಯಾವೂರಿಂದ ಬಂದ್ರಿ?" ಅನ್ನೋನು. ಅಷ್ಟರಲ್ಲಿ ಉಸುಕು ಆರ್ತು, ಬಾಣಲೆಯಲ್ಲಿದ್ದ ಅಕ್ಕಿ ಅರಳದೆ ಕೂತ್ಕೊಂತು.

ಸಾವ್ಕಾರ್ರು ಬಂದು ಕುಣಿದಾಡಿದ್ರು. "ಗೇಟಿಗೆ ಬೀಗ ಹಾಕು! ಕೀಲಿ ನಿನ್ನ ಸೊಂಟದಲ್ಲಿರ್ಲಿ! ಕೆಲಸ ಮುಗಿಯೋವರೆಗೂ ಒಳಗಿದ್ದೋರು ಯಾರೂ ಹೊರಗೆ ಬರಬಾರದು! ಯಾರೇ ಆಗ್ಲಿ, ಎಷ್ಟೇ ಗೋಗರೀಲಿ! ಇನ್ನೊಂದು ಸಲ ತಪ್ಪಿದ್ರೆ ನೀನೂ ಇಲ್ಲ, ನಿಮ್ಮವ್ವನೂ ಇಲ್ಲ!"

ನಿಮ್ಮವ್ವನೂ ಇಲ್ಲ ಅಂದಾಗ ತಿಪ್ಪೇಶಿ ಕೀಲಿನ ಸೊಂಟಕ್ಕೆ ಬಿಗಿಯಾಗಿ ಗಂಟು ಹಾಕ್ಕೊಂಡ. "ತಪ್ಪಲ್ಲ ಸಾವ್ಕಾರ್ರೆ" ಅಂದ.

ಮಾರನೇ ದಿನ ಬೆಳಿಗ್ಗೆ ಬೀಗ ಬಿತ್ತು. ಬಿಸಿಲೇರಿದ ಮೇಲೆ ಕಾರ್ಮಿಕ ಇಲಾಖೆ ಸಾಹೇಬ್ರು ಬಂದ್ರು. ಸಾವ್ಕಾರ್ರು ಹಲ್ಲು ಕಿರಿದು ಅವರನ್ನ ಒಳಗೆ ಕರ್ಕೊಂಡು ಹೋದ್ರು. ತಿಪ್ಪೇಶಿ ಗೇಟು ತೆಗೆದ, ಇಬ್ಬರನ್ನೂ ಒಳಗೆ ಬಿಟ್ಟ, ಮತ್ತೆ ಬೀಗ ಹಾಕಿದ.

ಸಾಹೇಬ್ರು ಒಳಗೆ ಕಾಲಿಟ್ಟದ್ದೇ ಹೊಟ್ಟಿನ ಹೊಗೆಗೆ ಕೆಮ್ಮು ಹತ್ತಿತು. "ಏನ್ರಿ ಇದು ಶಾಖ! ಕೆಲಸದ ಜಾಗದಲ್ಲಿ ಕುಡಿಯೋ ನೀರು ಇರಲೇಬೇಕು ಅಂತ ಕಾನೂನಿದೆ. ಇಟ್ಟಿದ್ದೀರಾ?"

"ಓಹೋ, ಯಥೇಚ್ಛ ಕುಡೀತಾರೆ ಸಾಹೇಬ್ರೆ! ಲೇ ತಿಪ್ಪೇಶಿ, ಸಾಹೇಬ್ರಿಗೆ ನೀರು ತಾರೋ!"

ತಗಡಿನ ಸಂದಿಯಿಂದ ಉತ್ತರ ಬಂತು. "ತರಲ್ಲ ಸಾವ್ಕಾರ್ರೆ!"

"ಯಾಕೋ?"

"ನೀವೇ ಒಳಗೆ ಕುಂತು ಕೇಳಿದ್ರೂ ಕೊಡಬ್ಯಾಡ ಅಂದಿದ್ರಿ!"

ಸಾವ್ಕಾರ್ರ ಮುಖ ಬೂದಿಯಾಯ್ತು. ಸಾಹೇಬ್ರು ಕೆಮ್ತಾನೇ ಅವರನ್ನ ನೋಡಿದ್ರು. "ಹಾಗಾದ್ರೆ ಹೊರಗೆ ಬರ್ತೀವಿ, ಬೀಗ ತೆಗಿಯೋ!" ಅಂತ ಸಾವ್ಕಾರ್ರು ಕೂಗಿದ್ರು.

"ತೆಗಿಯಲ್ಲ! ಒಳಗಿದ್ದೋರು ಯಾರೂ ಹೊರಗೆ ಬರಬಾರದು! ಎಷ್ಟೇ ಗೋಗರೀಲಿ!"

"ನಾನು ಸಾವ್ಕಾರ ಕಣೋ!"

"ಯಾರೇ ಆಗ್ಲಿ ಅಂದಿದ್ರಿ!"

ಬೈದ್ರು, ಬೇಡ್ಕೊಂಡ್ರು, ತಗಡು ಬಡಿದ್ರು. ಏನೂ ಆಗಲಿಲ್ಲ. ಹೊರಗೆ ತಂಪು ನೀರು, ಒಳಗೆ ಒಣಗಿದ ಗಂಟಲು, ನಡುವೆ ಒಂದು ತಗಡು. ಅಷ್ಟರಲ್ಲಿ ಚಮನ್‌ಬಿ ಚೀರಿದ್ಲು.

"ತಿಪ್ಪೇಶಿ! ನಿಮ್ಮವ್ವ ಬಿದ್ಲು! ಕಣ್ಣು ಬಿಡ್ತಿಲ್ಲ! ನೀರು ತಾರೋ!"

ತಿಪ್ಪೇಶಿ ಗಡಿಗೆ ಎತ್ಕೊಂಡು ಗೇಟಿನವರೆಗೂ ಓಡಿ ನಿಂತ. ಒಳಗೆ ನೀರು ಒಯ್ಯಂಗಿಲ್ಲ. ಒಳಗಿದ್ದೋರನ್ನ ಹೊರಗೆ ತರಂಗಿಲ್ಲ. ತಪ್ಪಿದ್ರೆ ಅವ್ವನೂ ಇಲ್ಲ, ತಪ್ಪದಿದ್ರೂ ಅವ್ವ ಇಲ್ಲ! ಅವನು ಅತ್ತ, ಜೋರಾಗಿ ಅತ್ತ. ಅಳ್ತಾ ಅಳ್ತಾ ಚಪ್ಪರ ಹಾಕೋಕೆ ತಂದಿದ್ದ ಹಾರೆ ಕಣ್ಣಿಗೆ ಬಿತ್ತು. ಎತ್ಕೊಂಡ. ತಗಡಿನ ಸಂದಿಗೆ ಕೊಟ್ಟು ಮೀಟಿದ. ಒಂದು ತಗಡು ಬಿತ್ತು. ಪಕ್ಕದ್ದೂ ಬಿತ್ತು. ಗೂಟ ಬಿತ್ತು, ರಸ್ತೆ ಕಡೆ ಗೋಡೆ ಪೂರ್ತಿ ಮಲಗ್ತು. ಗೇಟು ಮಾತ್ರ ಬೀಗ ಹಾಕ್ಕೊಂಡು ಒಂಟಿಯಾಗಿ ನಿಂತಿತ್ತು.

"ಈಗ ಒಳಗೂ ಇಲ್ಲ, ಹೊರಗೂ ಇಲ್ಲ!" ಅಂತ ಕೂಗಿದ ತಿಪ್ಪೇಶಿ. "ಎಲ್ಲರೂ ದಾರಿಯಲ್ಲೇ ಅದೀರಿ! ಕುಡೀರಿ!"

ಮೊದಲು ಅವ್ವನ ಮುಖಕ್ಕೆ ನೀರು ಚಿಮುಕಿಸಿದ. ಹಾಲವ್ವ ಕಣ್ಣು ಬಿಟ್ಲು. ಬಾಯಿಗೆ ಹನಿಹನಿಯಾಗಿ ಬಿಟ್ಟ, ಕುಡಿದ್ಲು. ಸುತ್ತ ಗೋಡೆ ಇಲ್ಲದ್ದು ನೋಡಿ, "ಏನು ಮಾಡಿದ್ಯೋ ಪಾಪಿ" ಅಂದ್ಲು. ಬೈಯೋಕೆ ಬಾಯಿ ಬಂತಲ್ಲ, ತಿಪ್ಪೇಶಿಗೆ ಅಷ್ಟೇ ಸಾಕಾಯ್ತು.

ಸಾಹೇಬ್ರು ಒಂದು ಲೋಟ ಕುಡಿದು, ಸಾವ್ಕಾರ್ರ ಕಡೆ ತಿರುಗಿದ್ರು. "ಗಡಿಗೆ ಒಳಗಿರಲಿ, ಇವತ್ತಿಂದಲೇ. ಕೆಲಸ ಮಾಡೋರಿಗೆ ನೀರು ಮೊದಲು. ಈ ಮನುಷ್ಯನೇ ಕೊಡಲಿ. ಅವನನ್ನ, ಅವನ ತಾಯಿನ ತೆಗೆದ್ರೆ ನಾನು ಮತ್ತೆ ಬರ್ತೀನಿ." ಸಾವ್ಕಾರ್ರು ಕೈ ಮುಗಿದ್ರು. ಸಂಜೆ ಅವ್ವ ಹೊಸ ಬುದ್ಧಿ ಹೇಳಿದ್ಲು. "ಇನ್ಮೇಲೆ ಸಾಹೇಬ್ರ ಮಾತೇ ಮಾತು. ಕೆಲಸ ಮಾಡೋರಿಗೆ ನೀರು. ತಿಳೀತಾ?"

"ತಿಳೀತವ್ವ. ಕೆಲಸ ಮಾಡೋರಿಗೆ ನೀರು."

ಗಡಿಗೆ ಒಳಗೆ ಬಂದ್ವು. ಮಾರನೇ ದಿನ ಸಾವ್ಕಾರ್ರು ಹೊಸ ತಗಡಿಗೆ ಪೇಟೆಯೆಲ್ಲ ಸುತ್ತಿ, ಬಿಸಿಲಲ್ಲಿ ಬೆಂದು, ಭಟ್ಟಿಗೆ ಬಂದ್ರು.

"ಒಂದು ಲೋಟ ನೀರು ಕೊಡೋ."

"ಬಾಯಾರಿದೆಯಾ?"

"ಹೂಂ."

"ದಾರಿಯಲ್ಲಿ ಬಂದ್ರಾ?"

"ಹೂಂ ಕಣೋ, ಕೊಡೋ!"

"ಕೆಲಸ ಏನು ಮಾಡಿದ್ರಿ?"

"ನಾನು... ಲೇ, ನಾನು ಸಾವ್ಕಾರ!"

"ಅದು ಗೊತ್ತು. ಕೆಲಸ ಏನು?"

ಸಾವ್ಕಾರ್ರು ಯೋಚಿಸ್ತಾ ನಿಂತ್ರು. ತಿಪ್ಪೇಶಿ ಕಾಯಲಿಲ್ಲ. ಅವರನ್ನ ಮೂಟೆ ಎತ್ತಿದಂಗೆ ಎತ್ತಿ ಬಾಣಲೆ ಮುಂದೆ ಕೂರಿಸಿ, ಕೈಗೆ ಜರಡಿ ಕೊಟ್ಟ. ಸಾವ್ಕಾರ್ರು ಹಾಲವ್ವನ ಕಡೆ ನೋಡಿದ್ರು, ಮಗನಿಗೆ ಬೈಯಲಿ ಅಂತ. ಹಾಲವ್ವನಿಗೆ ಯಾಕೋ ಬೈಗುಳವೇ ನೆನಪಾಗಲಿಲ್ಲ.

"ಒಂದು ಬಾಣಲೆ ಮಂಡಕ್ಕಿ ಇಳಿಸಿಬಿಡ್ರಿ ಸಾವ್ಕಾರ್ರೆ" ಅಂದ್ಲು. "ಅವನು ಕೇಳೋನಲ್ಲ."

ಸಾವ್ಕಾರ್ರು ಇಳಿಸಿದ್ರು. ಅರ್ಧ ಸೀದುಹೋಯ್ತು, ಅರ್ಧ ಅರಳ್ತು. ಬೆವರು ಇಳಿದು ಪಂಚೆ ಮೈಗೆ ಅಂಟ್ಕೊಂತು. ಆಮೇಲೆ ತಿಪ್ಪೇಶಿ ನೀರು ಕೊಟ್ಟ. ಸಾವ್ಕಾರ್ರು ಲೋಟದ ಮೇಲೆ ಲೋಟ ಗಟಗಟ ಹೊಯ್ಕೊಂಡು, ಮೀಸೆ ಒರೆಸ್ಕೊಂಡು, ಸುತ್ತ ಕೂತೋರನ್ನ ನೋಡಿದ್ರು.

"ಏನೋ ತಿಪ್ಪೇಶಿ, ಇಲ್ಲಿ ಕೂತ್ರೆ ಇಷ್ಟು ಬಾಯಾರ್ತದಾ?"

"ನನಗೇನು ಗೊತ್ತು ಸಾವ್ಕಾರ್ರೆ?" ಅಂದ ತಿಪ್ಪೇಶಿ. "ನಾನು ಗಡಿಗೆ ಪಕ್ಕ ಕೂರೋನು."

ಅಷ್ಟೇ ಕತೆ. ಹೂಂ ಅಂದದ್ದು ಸಾಕು, ಗಂಟಲು ಒಣಗಿರ್ತದೆ, ಎದ್ದು ಹೋಗಿ ನೀರು ಕುಡೀರಿ. ನನಗೂ ಒಂದು ಲೋಟ ತನ್ನಿ, ಇಷ್ಟೊತ್ತು ಕೆಲಸ ಮಾಡಿದೋನು ನಾನು.