ಗೋಪುರದೊಳಗಿನ ದೀಪ

ಭಾಳ ಹಿಂದ, ನಮ್ಮ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದ, ಒಂದೂರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲಂತ. ಕಸೂತಿ ಹಾಕಾಕಿ. ಸೂಜಿ ಕೆಳಗಿಟ್ಟು ಕೇಳ್ರೇ ಹುಡುಗ್ಯಾರಾ, ಇಲ್ಲಾಂದ್ರ ಬೆರಳಿಗೆ ಚುಚ್ಚಿಕೊಂತೀರಿ.

ಆಕಿ ಸೀರಿ ಮ್ಯಾಲ ಮೊದಲು ಚಿತ್ತಾರ ಬರಕೊಂತಿದ್ದಿಲ್ಲಂತ. ಬಟ್ಟಿ ಎಳಿ ಎಣಿಸಿ, ಲೆಕ್ಕಾನ ತೆಲ್ಯಾಗ ಹಿಡಕೊಂಡು ಹೊಲಿಯಾಕಿ. ಹೋಗುವಾಗ ಒಂದು ಹೊಲಿಗಿ ಹಾಕಿ ಒಂದು ಬಿಡೂದು, ಬರುವಾಗ ಬಿಟ್ಟದ್ದನ್ನ ತುಂಬೂದು. ಹೊಂಟ ದಾರ ಹೊಂಟಲ್ಲಿಗೇ ಬರಬೇಕು. ಒಂದು ಚಿತ್ತಾರಕ್ಕ ಒಂದೇ ದಾರ, ಗಂಟು ಹಾಕಂಗಿಲ್ಲ. ಮುಂದ ಕಂಡದ್ದೇ ಹಿಂದನೂ ಕಾಣಬೇಕು. ನೋಡಾಕ ಬಂದವರು ಮೊದಲು ಸೆರಗು ತಿರುವಿ ನೋಡಿ, ಅಬ್ಬಬ್ಬಾ ಅಂತಿದ್ರಂತ. ಆಕಿ ನವಿಲು ಹೊಲದ್ರ ಮಳಿ ಬರತಿತ್ತು ಅಂತಾರ. ಅದು ಸುಳ್ಳಿರಬೇಕು ಬಿಡ್ರಿ, ನಮ್ಮ ಕಡೆ ಮಳಿ ಯಾರ ಮಾತೂ ಕೇಳೂದಿಲ್ಲ.

ಆ ಊರಾಗ ಒಂದು ರೂಢಿ ಇತ್ತಂತ. ಯಾರ ಹೊಲಿಗಿ ಕೆಟ್ಟತು ಅಂತ ಊರಾಳೋ ದೇಸಾಯರ ವಾಡೇದಾಗ ಅಂತಾರೋ, ಆಕಿ ಸೂಜಿ ಕಸಗೊಳ್ಳೋರು. ಆಮ್ಯಾಲೆ ಆಕಿ ಯಾವ ಮದುಮಗಳ ಸೀರಿನೂ ಮುಟ್ಟಂಗಿಲ್ಲ.

ದೇಸಾಯರ ಹೆಂಡತಿ ಮಗಳ ಮದುವಿ ಸೀರಿಗೆ ಗೋಪುರ ಹಾಕು, ಗೋಪುರದ ನಡುವ ದೀಪ ಹಾಕು ಅಂದ್ಲಂತ. ಆದ್ರ ದೀಪದ ಗೆರಿ ಗೋಪುರದ ಗೆರಿಗೆ ಎಲ್ಲೂ ತಾಕಬಾರದು, ತಾಕಿದ್ರ ದೀಪ ಕಟ್ಟಿಹಾಕಿದಂಗ, ಅಪಶಕುನ ಅಂದ್ಲಂತ.

ಫಕೀರವ್ವ ಇದ್ದಲಿ ತಗೊಂಡು ನೆಲದ ಮ್ಯಾಲ ಗೆರಿ ಎಳದು ಅಳಿಸಿ, ಎಳದು ಅಳಿಸಿ ನೋಡಿದ್ಲಂತ. ಕಡೀಕ ವಾಡೇಕ್ಕ ಹೋಗಿ, ಇದು ಆಗೂದಿಲ್ರೀ ಬಾಯಾರ, ಗೆರಿಗೆ ಗೆರಿ ಮುಟ್ಟದಿದ್ರ ಒಂದೇ ದಾರ ಆಚೆ ಹೋಗೂದು ಹ್ಯಾಂಗ, ನನಗಷ್ಟೇ ಅಲ್ಲ, ಯಾರಿಗೂ ಆಗೂದಿಲ್ಲ ಅಂದ್ಲಂತ.

"ನಿನಗ ಬರೂದಿಲ್ಲ ಅನ್ನು," ಅಂದ್ಲಂತ ಆ ದೊಡ್ಡಾಕಿ.

ಫಕೀರವ್ವ ದೀಪಕ್ಕ ಬ್ಯಾರೆ ದಾರ ತಗೊಂಡು ಗಂಟು ಹಾಕಲಿಲ್ಲ. ದೀಪದಿಂದ ಗೋಪುರಕ್ಕ ಒಂದು ಸಣ್ಣ ಗೆರಿ ಹೊಲದು, ಸೀರಿ ತಂದು ಮುಂದಿಟ್ಲು. ಅಲ್ಲೇ ಆಕಿ ಸೂಜಿ ಕಸಗೊಂಡ್ರಂತ. ಅಬ್ಬಬ್ಬಾ ಅಂದವರು ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ, ಅವರ ನಾಲಿಗಿಗೆ ಹುಳ ಬೀಳಲಿ! ಇನ್ನೊಬ್ಬಾಕಿ ಬ್ಯಾರೆ ಸೀರಿ ಹೊಲದು ಕೊಟ್ಲು. ಹಿಂದ ಗಂಟು, ಗಂಟಿನ ಮ್ಯಾಲ ಅಸ್ತರ. ಆವತ್ತು ಯಾರೂ ಸೆರಗು ತಿರುವಿ ನೋಡಲಿಲ್ಲಂತ.

ಫಕೀರವ್ವ ಮಂದಿ ಹೊಲದಾಗ ಕಳೆ ತಗೀತಾ ಮುದುಕಿ ಆದ್ಲು. ಸಾಯುವಾಗಲೂ ಆಕಿ ಬೆರಳು ಹೊದ್ದ ಕೌದಿ ಎಳಿ ಎಣಿಸತಿದ್ವು ಅಂತಾರ.

ಈಗೂ ಆ ಸೀಮ್ಯಾಗ ಮದುವಿ ಸೀರಿಗೆ ಗೋಪುರ ಹಾಕತಾರ, ಗೋಪುರದಾಗ ದೀಪ ಹಾಕತಾರ. ಆ ಸಣ್ಣ ಗೆರೀನೂ ಹಾಕತಾರ, ಅದಿಲ್ಲಾಂದ್ರ ದಾರ ತಿರುಗಿ ಬರೂದಿಲ್ಲಲ್ಲ. ಅದನ್ನ ಹೊಲಿಯೂ ಮೊದಲು ಸೂಜಿ ಹಣಿಗೆ ಮುಟ್ಟಿಸಿಕೊಂತಾರ. ಆ ಗೆರಿಗೆ ಒಂದು ಹೆಸರೂ ಐತಿ. ಫಕೀರವ್ವನ ತಪ್ಪು ಅಂತಾರ.