ಕೆಂಚಿನಹಾಳದ ಬೀಸುಕಲ್ಲಿನ ಒಡ್ಡು

ಕೆಂಚಿನಹಾಳದಿಂದ ಪಡುವಲಿಗೆ ಹೋಗುವ ಬಂಡಿದಾರಿ ಗುಡ್ಡವನ್ನು ಬಳಸುವ ತಿರುವಿನಲ್ಲಿ, ಆಳೆತ್ತರವನ್ನು ಮೀರಿದ ಒಂದು ಕಲ್ಲಿನ ಒಡ್ಡು ನಿಂತಿದೆ. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಕೂತು, ಇಡೀ ಗೋಡೆ ಗುಡ್ಡದ ಕಡೆಗೆ ತುಸು ಒರಗಿದೆ. ಕಡಿದ ಕಲ್ಲುಗಳ ಜೊತೆಗೆ ಅಲ್ಲಲ್ಲಿ ದುಂಡನೆಯ ಬೀಸುಕಲ್ಲುಗಳೂ ಇವೆ, ಕಾಳು ಹಾಕುವ ಕಣ್ಣು ದಾರಿಯ ಕಡೆಗಿರುವಂತೆ ನಿಲ್ಲಿಸಿದವು. ಹೊಸಬರು ಇದನ್ನು ಯಾವನೋ ಪಾಳೆಯಗಾರನ ಕೋಟೆಯ ತುಂಡು ಅಂದುಕೊಳ್ಳುತ್ತಾರೆ. ಊರವರು ಮಾತ್ರ ಬೀಸುಕಲ್ಲಿನ ಒಡ್ಡು ಎಂದು ಕರೆದು, ಕಟ್ಟಿದ್ದು ಅರಸನಲ್ಲ, ಹುಲಿಗೆವ್ವ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಿಟ್ಟಿನ ಗಿರಣಿಯ ಹೆಸರನ್ನೂ ಯಾರೂ ಕೇಳದ ಕಾಲದಲ್ಲಿ, ಸವೆದ ಬೀಸುಕಲ್ಲುಗಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುತ್ತ ಈ ಹುಲಿಗೆವ್ವ ಊರೂರು ಅಲೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಲೆದದ್ದು ಸಾಕೆನಿಸಿ, ಊರಗೌಡನನ್ನು ಕೇಳಿಕೊಂಡು, ಗುಡ್ಡದ ಬುಡದಲ್ಲಿ ಯಾರಿಗೂ ಬೇಡವಾಗಿದ್ದ ಜಾಗದಲ್ಲಿ ಗುಡಿಸಲು ಹಾಕಿದಳು. ಹುಟ್ಟಿದಂದಿನಿಂದ ತನ್ನದೆಂದು ಅವಳು ಕಾಲೂರಿದ ನೆಲ ಅದೊಂದೇ. ಮೊದಲ ಮಳೆಗೇ ಗುಡ್ಡದ ಮಣ್ಣು ಜಾರಿ ಹಿತ್ತಲನ್ನು ಮುಚ್ಚಿತು. ಬಿಟ್ಟು ಹೋಗು ಎಂದು ಊರವರು ಹೇಳಿದರು. ಅವಳು ಮಣ್ಣು ತಡೆಯುವ ಒಡ್ಡಿಗೆ ಪಾಯ ತೋಡತೊಡಗಿದಳು. ಕಡಿದ ಕಲ್ಲು ಸಾಲದಾದಾಗ ಊರ ಹೊರಗೆ ಬಿದ್ದಿದ್ದ ಹಳೆಯ ಬೀಸುಕಲ್ಲುಗಳನ್ನು ಉರುಳಿಸಿ ತಂದಳು. ಸವೆದು ತೆಳ್ಳಗಾದ ಬೀಸುಕಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊರಗೆ ಹಾಕುವಾಗ ಅದರ ಕಣ್ಣಿಗೆ ಜೇಡಿಮಣ್ಣು ಮೆತ್ತಬೇಕು, ಇಲ್ಲವಾದರೆ ಮನೆಯ ಕಾಳೆಲ್ಲ ಆ ಕಣ್ಣಿನಿಂದ ಹರಿದು ಹೋಗುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಹುಲಿಗೆವ್ವನೂ ಅದನ್ನೇ ನಂಬಿ ಬೆಳೆದವಳು. ಮೆತ್ತಿದ ಮಣ್ಣನ್ನು ಮುಟ್ಟದೆ, ಬಿರುಕುಗಳಿಗೂ ಮಣ್ಣು ತುಂಬಿ, ಮನೆಯ ಗೋಡೆಯಂತೆ ನೆಟ್ಟಗೆ, ನುಣ್ಣಗೆ ಒಡ್ಡು ಕಟ್ಟಿ ಹೆಮ್ಮೆಪಟ್ಟಳು.

ಮರುವರ್ಷದ ಮಳೆಯಲ್ಲಿ ಒಡ್ಡಿನ ಹೊಟ್ಟೆ ಉಬ್ಬಿತು. ಒಂದು ಮಧ್ಯಾಹ್ನ ಅದು ಕುಸಿದು ಬಂಡಿದಾರಿಯನ್ನೇ ಮುಚ್ಚಿತು. ಇನ್ನೊಮ್ಮೆ ಬಿದ್ದರೆ ಜಾಗ ಬಿಡಬೇಕೆಂದು ಗೌಡ ಹೇಳಿ ಹೋದ. ಹುಲಿಗೆವ್ವ ಅಳಲಿಲ್ಲ. ಬಿದ್ದದ್ದನ್ನಲ್ಲ, ಬೀಳದೆ ಉಳಿದಿದ್ದ ಒಂದು ಮೂಲೆಯನ್ನು ನೋಡುತ್ತ ಕುಳಿತಳು. ಅಲ್ಲಿದ್ದ ಬೀಸುಕಲ್ಲಿನ ಕಣ್ಣಿನ ಮಣ್ಣು ಕಳಚಿ ಬಿದ್ದು, ಒಡ್ಡಿನ ಹಿಂದೆ ನಿಂತ ನೀರು ಅಲ್ಲಿಂದ ಸಣ್ಣಗೆ ಹೊರಗೆ ಸುರಿಯುತ್ತಿತ್ತು.

ಮಳೆ ನಿಂತ ಮೇಲೆ ಮತ್ತೆ ಪಾಯದಿಂದ ಹಿಡಿದಳು. ಕಲ್ಲಿನ ಪ್ರತಿ ವರಸೆಯನ್ನೂ ಕೆಳಗಿನ ಸಾಲಿಗಿಂತ ಬೆರಳಗಲ ಗುಡ್ಡದ ಕಡೆಗೆ ಸರಿಸಿ ಇಟ್ಟಳು, ಒಡ್ಡಿನ ಬೆನ್ನಿಗೆ ಚೂರುಗಲ್ಲು ತುಂಬಿದಳು, ಬೀಸುಕಲ್ಲುಗಳ ಕಣ್ಣನ್ನೆಲ್ಲ ಉಳಿಯಿಂದ ಬಿಡಿಸಿದಳು. ಊರ ಹೆಂಗಸರು ಹೌಹಾರಿದರು. ಅವಳು ಕಲ್ಲು ತರಲು ಹೋದಾಗೆಲ್ಲ ಯಾರೋ ಬಂದು ಕಣ್ಣಿಗೆ ಮಣ್ಣು ಮೆತ್ತುವುದು, ಅವಳು ಬಂದು ಕೆದರಿ ತೆಗೆಯುವುದು, ಬೇಸಿಗೆಯೆಲ್ಲ ಇದೇ ನಡೆಯಿತಂತೆ. ಕೊನೆಗೆ ಗೌಡನ ತಾಯಿ ಬಸಲಿಂಗವ್ವ ತಾನೇ ಬಂದಳು.

“ನಮ್ಮನಿ ಕಲ್ಲಿನ ಕಣ್ಣು ತಗದೀಯಂತಲ್ಲ. ನಾಳೆ ನಮ್ಮ ಜ್ವಾಳ ಹರದು ಹೋದ್ರ ನೀ ತುಂಬಿಕೊಡ್ತೀಯೇನು?”

“ನೀವು ಹೊರಗ ಹಾಕಿದ ದಿನಾನ ಅದು ನಿಮ್ಮದಲ್ಲ ಆತು ಅವ್ವಾರ. ಈಗ ನನ್ನ ಒಡ್ಡಿನ್ಯಾಗ ಐತಿ. ಅದರ ಕಣ್ಣೂ ನಂದು, ಬಂದ ಕೇಡೂ ನಂದು.”

ಕೇಡು ತನ್ನದೆಂದು ಅವಳೇ ಒಪ್ಪಿಕೊಂಡ ಮೇಲೆ ಮುದುಕಿ ಮನೆಯ ಕಡೆ ತಿರುಗಿದಳು. ಅಂದಿನಿಂದ ಮಣ್ಣು ಮೆತ್ತುವುದು ನಿಂತಿತು.

ಆ ವರ್ಷದ ಮಳೆ ಹಿಡಿದರೆ ಬಿಡದಂತೆ ಸುರಿಯಿತು. ಗೌಡನೂ ಅವನ ತಾಯಿಯೂ ಕಂಬಳಿಕೊಪ್ಪೆ ಹಾಕಿಕೊಂಡು ದಾರಿಯಲ್ಲಿ ನಿಂತರು. ಹುಲಿಗೆವ್ವ ಗುಡಿಸಲಿನ ಬಾಗಿಲು ಬಿಟ್ಟು ಕದಲಲಿಲ್ಲ. ಒಂದೊಂದೇ ಕಣ್ಣು ಕೆಂಪು ನೀರನ್ನು ಕಾರಿತು. ಬರಬರುತ್ತ ನೀರು ತಿಳಿಯಾಯಿತು. ಒಡ್ಡು ಮಿಸುಕಲಿಲ್ಲ. ಬಸಲಿಂಗವ್ವ ಸೀದಾ ಮನೆಗೆ ಹೋಗಿ ಜೋಳ ತುಂಬಿಡುವ ಮಣ್ಣಿನ ವಾಡೆಯಲ್ಲಿ ಮೊಣಕೈವರೆಗೆ ಕೈಯಿಳಿಸಿ ನೋಡಿದಳಂತೆ. ಕಾಳು ಇದ್ದಷ್ಟೇ ಇತ್ತು.

ಒಡ್ಡಿನ ತಲೆಯಲ್ಲಿ ಇನ್ನೂ ಒಂದು ಕಲ್ಲಿನ ಜಾಗ ಖಾಲಿಯಿತ್ತು. ಮಳೆ ನಿಂತು ಹೊಳವಾದ ಬೆಳಿಗ್ಗೆ ಗೌಡರ ಮನೆಯ ಆಳು ಒಂದು ಬೀಸುಕಲ್ಲನ್ನು ಹೊತ್ತು ತಂದು ಗುಡಿಸಲಿನ ಮುಂದೆ ಇಳಿಸಿದ. ಅದು ಸವೆದ ಕಲ್ಲಲ್ಲ. ಹಿಂದಿನ ದಿನದವರೆಗೆ ಬೀಸುತ್ತಿದ್ದದ್ದು, ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಈಗಲೂ ಒಡ್ಡಿನ ಮೇಲಿನ ಸಾಲಿನಲ್ಲಿ ಅದನ್ನು ಕಾಣಬಹುದು. ಬೇರೆ ಕಲ್ಲುಗಳ ಕಣ್ಣಿನ ಅಂಚಿನಲ್ಲಿ ಹಳೆಯ ಜೇಡಿಯ ಕಲೆ ಉಳಿದಿದೆ. ಈ ಒಂದು ಕಲ್ಲಿನ ಕಣ್ಣಿಗೆ ಮಾತ್ರ ಯಾರೂ ಮಣ್ಣು ಮೆತ್ತಿದ ಗುರುತಿಲ್ಲ.