ಉಪ್ಪು ತರಲು ಹೋದವಳು

"ಅಕ್ಕಾ, ಈ ದಾರಿ ಹೊಳೆದಂಡೆಗೆ ಹೋಗುತ್ತದೆಯೇ?"

ನಾಗವೇಣಿ ಹೀಗೆ ಕೇಳುತ್ತಿದ್ದುದು ಮೂರನೇ ಸಲ. ಸುತ್ತಲೂ ಉಪ್ಪಿನ ಗದ್ದೆ, ಎಲ್ಲ ಬದುಗಳೂ ಒಂದೇ ಥರ. ಬಿಳಿ ರಾಶಿಗಳು ಬಿಸಿಲಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು. ಬರ್ಲಿನ್ನಿನ ಗಲ್ಲಿಗಳಲ್ಲಿ ತಪ್ಪದವಳು ಇಲ್ಲಿ ದಾರಿ ತಪ್ಪಿದ್ದಳು.

ಉಪ್ಪು ಬಾಚುತ್ತಿದ್ದ ಹೆಂಗಸು ತಲೆಯೆತ್ತಿದಳು. "ಯಾರ ಮನೆಗೆ ತಂಗೀ?"

"ನಾಟಕ ಬರೆಯೋದು ಕಲಿಸುವ ಸುಬ್ರಾಯ ಮಾಸ್ತರ ಮನೆಗೆ. ನಾನು ಅವರ ಶಿಷ್ಯೆ."

"ಓ! ಉಪ್ಪು ತರಲು ಹೋದವಳಾ?" ಹೆಂಗಸು ನಕ್ಕಳು. "ಬಲಕ್ಕೆ ತಿರುಗು."

ನಾಗವೇಣಿಯ ಕಿವಿ ಬಿಸಿಯಾಯಿತು.

ಒಂಬತ್ತು ವರ್ಷದ ಹಿಂದೆ ಮಾಸ್ತರು ಗಂಜಿಗೆ ಉಪ್ಪು ತರಲು ಕಳಿಸಿದ್ದರು. "ಈಗ ಬಂದೆ" ಎಂದು ಹೊರಟವಳು, ದಾರಿಯಲ್ಲಿ ಸಿಕ್ಕ ನಾಟಕ ತಂಡದ ವ್ಯಾನು ಹತ್ತಿಬಿಟ್ಟಿದ್ದಳು.

ಈಗ ಅವಳು ಒಳಗೆ ಕಾಲಿಟ್ಟಾಗಲೂ ಮಾಸ್ತರು ಒಲೆಯ ಮುಂದೆ ಕೂತಿದ್ದರು. ಅದೇ ಮಡಕೆ, ಕುದಿಯುವ ಅದೇ ಸದ್ದು. ನಡುವಿನ ವರ್ಷಗಳನ್ನು ಬೇರೆ ಯಾರೋ ಕನಸಿನಲ್ಲಿ ಕಂಡಿರಬೇಕು.

"ಮಾಸ್ತರೇ, ನಾನು ಬರೆದ ಮೊದಲ ಸಿನಿಮಾ ಬರುತ್ತಿದೆ. ನನ್ನ ಪರಿಚಯ ಕೇಳಿದ್ದಾರೆ. ನಿಮ್ಮ ಶಿಷ್ಯೆ ಎಂದು ಹಾಕಿದ್ದೇನೆ. ನೀವು ಬೇಡವೆಂದರೆ ಹೊಡೆದುಹಾಕುತ್ತೇನೆ."

"ಓದು."

ಓದಿದಳು. ನಾಲ್ಕು ನಾಟಕ. ಮುಂಬೈಯಲ್ಲಿ ಎರಡು ವರ್ಷ, ಬರ್ಲಿನ್ನಿನಲ್ಲಿ ಒಂದು ಚಳಿಗಾಲ. ಒಂದು ಪ್ರಶಸ್ತಿ, ಒಂದು ಚಿತ್ರಕಥೆ. ಗುರುಗಳು: ಸುಬ್ರಾಯ ಮಾಸ್ತರು.

"ಸಪ್ಪೆ," ಎಂದರು ಮಾಸ್ತರು.

"ಪರಿಚಯವೋ, ಗಂಜಿಯೋ?"

ಮಾಸ್ತರು ಸೌಟು ತಿರುಗಿಸುತ್ತಿದ್ದರು.

"ಬೈದುಬಿಡಿ ಮಾಸ್ತರೇ. ನನಗೆ ಹಗುರವಾಗುತ್ತದೆ."

"ಬೈಯೋಣವೆಂದರೆ ನೀನಿನ್ನೂ ಬಂದಿಲ್ಲವಲ್ಲ."

ನಾಗವೇಣಿ ಹಾಳೆ ಹಿಡಿದೇ ಹೊಸ್ತಿಲಿಗೆ ಬಂದಳು. ಚಪ್ಪಲಿ ಮೆಟ್ಟಿದಳು. ಈ ಸಲ ಏನೂ ಹೇಳದೆ ಹೊರಟಳು.

ಗದ್ದೆಯಲ್ಲಿ ಆ ಹೆಂಗಸು ಇನ್ನೂ ಬಾಚುತ್ತಿದ್ದಳು.

"ಅಕ್ಕಾ, ಒಂದು ಹಿಡಿ ಉಪ್ಪು."

"ಯಾವುದರಲ್ಲಿ ಒಯ್ಯುತ್ತೀ?"

ಕೈಯಲ್ಲಿದ್ದದ್ದು ಪರಿಚಯದ ಹಾಳೆ ಒಂದೇ. ಅದನ್ನೇ ಚಾಚಿದಳು. ಹಸಿ ಉಪ್ಪು ಬಿದ್ದೊಡನೆ ಶಾಯಿ ಕದಡಿತು. ಪ್ರಶಸ್ತಿ ಮೊದಲು ಹೋಯಿತು, ಆಮೇಲೆ ಬರ್ಲಿನ್.

"ಮತ್ತೆ ವ್ಯಾನು ಹತ್ತಿಬಿಟ್ಟೀಯೇ!" ಹೆಂಗಸು ಹಿಂದಿನಿಂದ ಕೂಗಿದಳು.

ಈ ಸಲ ಯಾರನ್ನೂ ದಾರಿ ಕೇಳಬೇಕಾಗಲಿಲ್ಲ.

ನಾಗವೇಣಿ ಒಲೆಯ ಮುಂದೆ ಕೂತು ಪೊಟ್ಟಣ ಬಿಚ್ಚಿದಳು. ಮೂರು ಬೆರಳಲ್ಲಿ ಉಪ್ಪು ತೆಗೆದು ಮಡಕೆಗೆ ಹಾಕಿದಳು.

ಮಾಸ್ತರು ಕದಡಿ ರುಚಿ ನೋಡಿದರು. ಎರಡು ಬಟ್ಟಲು ತೆಗೆದಿಟ್ಟರು.

"ಬೇಗ ಬಂದೆಯಲ್ಲ," ಎಂದರು. "ಗಂಜಿ ಇನ್ನೂ ಬಿಸಿ ಇದೆ."